ತೂಬಿನ ತೊಂದರೆಯೋ, ಕೆರೆಯದ್ದೋ? ಪ್ರಾಸ್ಟೇಟ್ ಚಿಕಿತ್ಸೆ ಆರಿಸುವ ಮೊದಲು

ಕಳೆದ ಶ್ರಾವಣದಲ್ಲಿ ಅಣ್ಣ ಹಾಸನಕ್ಕೆ ನಮ್ಮ ಮನೆಗೆ ಬಂದಿದ್ದ. ಮೂಡಿಗೆರೆ ಕಡೆ ಅವನದ್ದು ನಾಲ್ಕು ಎಕರೆ ಕಾಫಿ ತೋಟ. ವಯಸ್ಸು 68. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಬಸ್ ಹತ್ತಿದ್ದನಂತೆ. ಆದರೂ ಬೇಲೂರಿನಲ್ಲಿ ತಡೆಯಲಾರದೆ ಇಳಿದುಬಿಟ್ಟ. ಮುಂದಿನ ಬಸ್ಸಿಗೆ ಬಂದ. ಆ ರಾತ್ರಿ ನಮ್ಮ ಬಚ್ಚಲ ಲೈಟು ಐದು ಸಲ ಹತ್ತಿತು.

ಬೆಳಿಗ್ಗೆ ಕೇಳಿದೆ. "ಮೂರು ವರ್ಷದಿಂದ ಹೀಗೇ ಕಣೇ. ವಯಸ್ಸಾಯ್ತಲ್ಲ" ಅಂದ. ಅತ್ತಿಗೆಗೂ ಪೂರ್ತಿ ಹೇಳಿರಲಿಲ್ಲ. ಆದರೆ ಸಲಹೆಗಳು ಮಾತ್ರ ಮೂರು ದಿಕ್ಕಿನಿಂದ ಬಂದಿದ್ದವು. ಒಬ್ಬ ಡಾಕ್ಟರ್ ಮಾತ್ರೆ ಬರೆದಿದ್ದರು. ಇನ್ನೊಬ್ಬರು ಲೇಸರ್ ಮಾಡಿಸಿಬಿಡಿ ಅಂದಿದ್ದರು. ಬೆಂಗಳೂರಿನ ನೆಂಟರೊಬ್ಬರು ಹಬೆ ಹಾಯಿಸುವ ಹೊಸ ಚಿಕಿತ್ಸೆ ಇದೆ, ಅರ್ಧ ದಿನದಲ್ಲಿ ಮನೆಗೆ ಬರಬಹುದು ಅಂದಿದ್ದರು. ಅಣ್ಣ ಮೂರನ್ನೂ ಕೇಳಿಸಿಕೊಂಡು ಒಂದನ್ನೂ ಮಾಡಿರಲಿಲ್ಲ.

ನಾನು ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು. ಅದರಲ್ಲಿ ಒಂಬತ್ತು ವರ್ಷ ಯುರಾಲಜಿ, ಅಂದರೆ ಮೂತ್ರದ ಕಾಯಿಲೆಗಳ ವಾರ್ಡಿನಲ್ಲಿ ಕಳೆದಿದ್ದೇನೆ. ಯಾವ ಚಿಕಿತ್ಸೆ ಒಳ್ಳೆಯದು ಎಂದು ನನ್ನನ್ನು ಕೇಳುವವರು ಇವತ್ತಿಗೂ ಇದ್ದಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ತೊಂದರೆ ಎಲ್ಲಿದೆ? ಮತ್ತು, ವಾಸಿಯಾಗುವ ದಾರಿಯಲ್ಲಿ ಯಾವುದನ್ನು ಕಳೆದುಕೊಳ್ಳಲು ನೀವು ತಯಾರಿಲ್ಲ? ಇವೆರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದ ಹಾಗೆ. ಅಣ್ಣನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆರೆ ಮತ್ತು ತೂಬು

ನಮ್ಮ ಕಡೆಯವರಿಗೆ ಕೆರೆ, ತೂಬು ಗೊತ್ತಲ್ವಾ? ಮೂತ್ರಕೋಶ ಒಂದು ಕೆರೆ. ಅದರ ತೂಬಿನ ಬಾಯಲ್ಲಿ, ಅಂದರೆ ಮೂತ್ರನಾಳದ ಸುತ್ತ ಕುಳಿತಿರುವ ಗ್ರಂಥಿಯೇ ಪ್ರಾಸ್ಟೇಟ್. ಹರೆಯದಲ್ಲಿ ಅದು ಸುಮಾರು 20 ಗ್ರಾಂ, ಒಂದು ಬೆಟ್ಟದ ನೆಲ್ಲಿಕಾಯಿಯಷ್ಟು. ನಲವತ್ತು ದಾಟಿದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಐವತ್ತರ ಆಸುಪಾಸಿನ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಇದು ಶುರುವಾಗಿರುತ್ತದೆ. ಇದು ಕ್ಯಾನ್ಸರ್ ಅಲ್ಲ. ಇದೇ ಕ್ಯಾನ್ಸರ್ ಆಗಿ ತಿರುಗುತ್ತದೆ ಎಂಬುದೂ ಸುಳ್ಳು. ಗ್ರಂಥಿ ದೊಡ್ಡದಾದವರಿಗೆಲ್ಲ ತೊಂದರೆ ಬರುತ್ತದೆ ಎಂದೂ ಇಲ್ಲ. 35 ಗ್ರಾಂ ಗ್ರಂಥಿಗೇ ಉಚ್ಚೆ ಕಟ್ಟಿ ಬಂದವರನ್ನು ನೋಡಿದ್ದೇನೆ. 90 ಗ್ರಾಂ ಇಟ್ಟುಕೊಂಡು ಆರಾಮಾಗಿದ್ದವರನ್ನೂ ನೋಡಿದ್ದೇನೆ.

ನಿಂತು ಕಾಯಬೇಕು, ಧಾರೆ ಸಣ್ಣ, ನಿಂತು ನಿಂತು ಬರುತ್ತದೆ, ಮುಗಿದ ಮೇಲೂ ಉಳಿದಿದೆ ಅನಿಸುತ್ತದೆ. ಇವು ತೂಬಿನ ತೊಂದರೆಗಳು. ಇದ್ದಕ್ಕಿದ್ದ ಹಾಗೆ ಅವಸರವಾಗುತ್ತದೆ, ಬಚ್ಚಲು ಮುಟ್ಟುವ ಮೊದಲೇ ನಾಲ್ಕು ಹನಿ ಬಿದ್ದುಹೋಗುತ್ತದೆ, ಗಂಟೆಗೊಮ್ಮೆ ಹೋಗಬೇಕು. ಇವು ಕೆರೆಯ ತೊಂದರೆಗಳು. ಮೂತ್ರಕೋಶದ ಸ್ನಾಯು ಹೇಳಿದ ಮಾತು ಕೇಳದೆ ಹಿಂಡಿಕೊಳ್ಳುತ್ತಿರುತ್ತದೆ. ವರ್ಷಗಟ್ಟಲೆ ತೂಬು ಕಟ್ಟಿದ್ದರೆ ಕೆರೆಯೂ ಕೆಡುತ್ತದೆ. ಹಾಗಾಗಿ ಹಲವರಲ್ಲಿ ಎರಡೂ ಬೆರೆತಿರುತ್ತವೆ.

ಮೂರನೆಯದು ಒಂದಿದೆ. ಇದನ್ನು ಎಲ್ಲರೂ ಮರೆಯುತ್ತಾರೆ. ಹಗಲಲ್ಲಿ ಸರಿಯಾಗಿರುತ್ತಾರೆ, ರಾತ್ರಿ ಮಾತ್ರ ನಾಲ್ಕೈದು ಸಲ ಏಳುತ್ತಾರೆ, ಪ್ರತಿ ಸಲವೂ ಧಾರಾಳವಾಗಿ ಹೋಗುತ್ತದೆ. ಇಲ್ಲಿ ಕೆರೆಯೂ ಸರಿ, ತೂಬೂ ಸರಿ. ಕೆರೆಗೆ ಬರುವ ನೀರೇ ರಾತ್ರಿ ಜಾಸ್ತಿ. ಕಾಲಿನ ಬಾವು, ಹೃದಯದ ತೊಂದರೆ, ಹತೋಟಿಗೆ ಬಾರದ ಶುಗರ್, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವ ಕಾಯಿಲೆ, ಸಂಜೆ ನುಂಗುವ ನೀರು ಇಳಿಸುವ ಬಿಪಿ ಮಾತ್ರೆ, ಇವೆಲ್ಲ ಕಾರಣವಾಗಬಹುದು. ಇಂಥವರಿಗೆ ಪ್ರಾಸ್ಟೇಟ್ ಆಪರೇಷನ್ ಮಾಡಿದರೆ ಗಾಯ ಮಾಯುತ್ತದೆ, ರಾತ್ರಿ ಏಳುವುದು ಹಾಗೇ ಉಳಿಯುತ್ತದೆ. ಆಪರೇಷನ್ ಆದ ಮೇಲೂ "ಸಿಸ್ಟರ್, ಏನೂ ಗುಣವಾಗಲಿಲ್ಲ" ಎಂದು ಅತ್ತವರ ಮುಖ ನನಗೆ ಇನ್ನೂ ನೆನಪಿದೆ.

ಇದನ್ನು ಕಂಡುಹಿಡಿಯಲು ಮಷಿನ್ ಬೇಡ. ಅಳತೆ ಗುರುತಿರುವ ಒಂದು ಪ್ಲಾಸ್ಟಿಕ್ ಮಗ್ಗು, ಒಂದು ನೋಟ್‌ಬುಕ್ಕು ಸಾಕು. ಮೂರು ದಿನ, ಪ್ರತಿ ಸಲ ಒಂದಕ್ಕೆ ಹೋದಾಗ ಎಷ್ಟು ಗಂಟೆ, ಎಷ್ಟು ಮಿ.ಲೀ. ಎಂದು ಬರೆಯಿರಿ. ಕುಡಿದ ನೀರು, ಕಾಫಿಯನ್ನೂ ಬರೆಯಿರಿ. ಮಲಗಿದ ಮೇಲೆ ಹೋದದ್ದು ಮತ್ತು ಬೆಳಿಗ್ಗೆ ಎದ್ದ ತಕ್ಷಣದ್ದು ಸೇರಿಸಿ, ಇಡೀ ದಿನದ ಲೆಕ್ಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಆದರೆ, ವಯಸ್ಸಾದವರಲ್ಲಿ ಅದು ರಾತ್ರಿ ನೀರಿನ ತೊಂದರೆ. ಅಣ್ಣ ಮೊದಲು ನಾಚಿಕೊಂಡ. ಆಮೇಲೆ ತೋಟದ ಕೂಲಿ ಲೆಕ್ಕ ಬರೆಯುವಷ್ಟೇ ಅಚ್ಚುಕಟ್ಟಾಗಿ ಬರೆದ. ಅವನಿಗೆ ರಾತ್ರಿಯ ಪಾಲು ಕಾಲು ಭಾಗವೂ ಇರಲಿಲ್ಲ. ಒಂದೊಂದು ಸಲಕ್ಕೆ 100, 120 ಮಿ.ಲೀ. ಅಷ್ಟೇ. ತೊಂದರೆ ರಾತ್ರಿ ನೀರಿನದ್ದಲ್ಲ, ತೂಬಿನದ್ದೋ ಕೆರೆಯದ್ದೋ ಇರಬೇಕು ಎಂದಾಯಿತು.

ಡಾಕ್ಟರ್ ಹತ್ತಿರ ಹೋದಾಗ ಏಳು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು. ಇಡೀ ಲೋಕದಲ್ಲಿ ಬಳಸುವ ಹಾಳೆ ಅದು. ಅಂಕ 0ಯಿಂದ 35. ಏಳರವರೆಗೆ ಸಣ್ಣ ತೊಂದರೆ, 8ರಿಂದ 19 ಮಧ್ಯಮ, 20ರ ಮೇಲೆ ಜೋರು. ಜೊತೆಗೆ ಮೂತ್ರ ಪರೀಕ್ಷೆ, ಶುಗರ್, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡಬಹುದಾದ ಪಿಎಸ್‌ಎ ಎಂಬ ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ನಲ್ಲಿ ಎರಡು ಅಂಕಿ ಕೇಳಿ ಬರೆಸಿಕೊಳ್ಳಿ. ಗ್ರಂಥಿಯ ಗಾತ್ರ ಎಷ್ಟು ಗ್ರಾಂ? ಉಚ್ಚೆ ಮಾಡಿ ಬಂದ ಮೇಲೆ ಒಳಗೆ ಉಳಿದದ್ದು ಎಷ್ಟು ಮಿ.ಲೀ.? ಧಾರೆಯ ವೇಗ ಅಳೆಯುವ ಪರೀಕ್ಷೆ ಇದ್ದರೆ ಅದನ್ನೂ ಮಾಡಿಸಿ. ಸೆಕೆಂಡಿಗೆ 10 ಮಿ.ಲೀ.ಗಿಂತ ಕಡಿಮೆ ಇದ್ದರೆ ತೂಬು ಕಟ್ಟಿರುವ ಸಾಧ್ಯತೆ ಹೆಚ್ಚು. ಈ ಅಂಕಿಗಳಿಲ್ಲದೆ ಯಾರಾದರೂ ನೇರವಾಗಿ ಆಪರೇಷನ್ ದಿನ ಕೊಟ್ಟರೆ, ಒಂದು ಸಲ ನಿಂತು ಕೇಳುವ ಹಕ್ಕು ನಿಮಗಿದೆ.

ಈಗ ಏನೂ ಮಾಡದೆ ಇರುವುದೂ ಒಂದು ಆಯ್ಕೆ

ಅಂಕ ಏಳರೊಳಗಿದ್ದು, ಉಳಿಯುವ ಉಚ್ಚೆ ಕಡಿಮೆಯಿದ್ದು, ನಿಮಗೆ ಅಷ್ಟೇನೂ ಬೇಜಾರಿಲ್ಲದಿದ್ದರೆ ವರ್ಷಕ್ಕೊಮ್ಮೆ ತೋರಿಸಿಕೊಂಡು ಸುಮ್ನೆ ಇರಬಹುದು. ಇದು ಸೋಮಾರಿತನವಲ್ಲ. ಎಷ್ಟೋ ಜನರಿಗೆ ವರ್ಷಗಟ್ಟಲೆ ಹೀಗೇ ನಡೆಯುತ್ತದೆ.

ಆದರೆ ಅಭ್ಯಾಸಗಳನ್ನು ಬದಲಿಸಬೇಕು. ಸಂಜೆ ಆರರ ಮೇಲೆ ನೀರು ಕಡಿಮೆ ಮಾಡಿ, ಹಗಲು ಸರಿಯಾಗಿ ಕುಡಿಯಿರಿ. ನನ್ನಣ್ಣನ ಹಾಗೆ ಬೆಳಿಗ್ಗೆಯಿಂದ ಒಣಗಿ ಕೂರುವುದು ತಪ್ಪು. ಗಟ್ಟಿ ಉಚ್ಚೆ ಮೂತ್ರಕೋಶವನ್ನು ಇನ್ನೂ ಕೆರಳಿಸುತ್ತದೆ. ಕಾಫಿಯೂ ಕೆರಳಿಸುತ್ತದೆ. ಬಾಬಾಬುಡನ್‌ಗಿರಿಯ ನೆರಳಲ್ಲಿ ಬದುಕುವವರಿಗೆ ಕಾಫಿ ಬಿಡಿ ಎನ್ನಲು ನನಗೂ ಮನಸ್ಸು ಬರುವುದಿಲ್ಲ. ಸಂಜೆಯದ್ದೊಂದನ್ನು ಬಿಟ್ಟು ಎರಡು ವಾರ ನೋಡಿ. ಒಮ್ಮೆ ಉಚ್ಚೆ ಮಾಡಿ, ಒಂದು ನಿಮಿಷ ನಿಂತು, ಇನ್ನೊಮ್ಮೆ ಪ್ರಯತ್ನಿಸಿ. ಮಲಬದ್ಧತೆ ಇಟ್ಟುಕೊಳ್ಳಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನೆಗಡಿ ಮಾತ್ರೆ. ಮಲೆನಾಡಿನ ಆಷಾಢದ ಮಳೆಯಲ್ಲಿ ಮೂಗು ಕಟ್ಟುವುದು ಮಾಮೂಲು. ಮೆಡಿಕಲ್ ಶಾಪಿಗೆ ಹೋಗಿ ಒಂದು ನೆಗಡಿ ಮಾತ್ರೆ ಕೊಡಿ ಅನ್ನುವುದೂ ಮಾಮೂಲು. ಆ ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಎಂಬ ಔಷಧಿಗಳಿರುತ್ತವೆ. ಮೊದಲನೆಯದು ತೂಬಿನ ಬಾಯಿ ಬಿಗಿ ಮಾಡುತ್ತದೆ. ಎರಡನೆಯದು ಮೂತ್ರಕೋಶದ ಸ್ನಾಯುವಿನ ಬಲ ಇಳಿಸುತ್ತದೆ. ಪ್ರಾಸ್ಟೇಟ್ ದೊಡ್ಡದಿರುವವರಿಗೆ ಇವೆರಡೂ ಒಟ್ಟಿಗೆ ಹೋದರೆ ರಾತ್ರೋರಾತ್ರಿ ಉಚ್ಚೆ ಪೂರ್ತಿ ಕಟ್ಟಬಹುದು. ಪ್ರತಿ ಮಳೆಗಾಲದಲ್ಲೂ ಇಂಥವರು ಹೊಟ್ಟೆ ಹಿಡಿದುಕೊಂಡು ವಾರ್ಡಿಗೆ ಬರುತ್ತಿದ್ದರು. ಪ್ರಾಸ್ಟೇಟ್ ಇದೆ ಎಂದು ಅಂಗಡಿಯವರಿಗೆ ಹೇಳಿಯೇ ಮಾತ್ರೆ ತೆಗೆದುಕೊಳ್ಳಿ.

ಗಿಡಮೂಲಿಕೆಯ ಡಬ್ಬಿಗಳ ಬಗ್ಗೆಯೂ ಕೇಳುತ್ತಾರೆ. ಸಾ ಪಾಲ್ಮೆಟೊ ಎಂಬ ತಾಳೆ ಜಾತಿಯ ಹಣ್ಣಿನ ಸಾರ ಲೋಕದಲ್ಲೆಲ್ಲ ಮಾರಾಟವಾಗುತ್ತದೆ. 2006ರಲ್ಲಿ 225 ಗಂಡಸರ ಮೇಲೆ, 2011ರಲ್ಲಿ 369 ಗಂಡಸರ ಮೇಲೆ ಅಮೆರಿಕದಲ್ಲಿ ಸರಿಯಾದ ಪರೀಕ್ಷೆ ನಡೆಯಿತು. ಎರಡನೆಯದರಲ್ಲಿ ಮೂರು ಪಟ್ಟು ಪ್ರಮಾಣದವರೆಗೂ ಕೊಟ್ಟು ನೋಡಿದರು. ಔಷಧಿ ಇಲ್ಲದ ಸುಳ್ಳು ಮಾತ್ರೆಗಿಂತ ಒಂದಿಷ್ಟೂ ಹೆಚ್ಚು ಗುಣ ಕಾಣಲಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಮಾತ್ರೆಗಳಲ್ಲಿ ಯಾವುದು?

ತೂಬಿನ ಮಾತ್ರೆಗಳು ಮುಖ್ಯವಾಗಿ ಎರಡು ಜಾತಿ. ಒಂದು ಬಿಗಿ ಸಡಿಲಿಸುವುದು: ಟ್ಯಾಮ್ಸುಲೋಸಿನ್, ಸಿಲೋಡೋಸಿನ್, ಆಲ್ಫುಜೋಸಿನ್. ಇನ್ನೊಂದು ಗ್ರಂಥಿಯನ್ನೇ ಕುಗ್ಗಿಸುವುದು: ಫಿನಾಸ್ಟರೈಡ್, ಡ್ಯುಟಾಸ್ಟರೈಡ್.

ಸಡಿಲಿಸುವ ಮಾತ್ರೆ ಕೆಲವೇ ದಿನಗಳಲ್ಲಿ ಕೆಲಸ ತೋರಿಸುತ್ತದೆ. ಗ್ರಂಥಿ ಸಣ್ಣದಿದ್ದರೂ ದೊಡ್ಡದಿದ್ದರೂ ನಡೆಯುತ್ತದೆ. ಆದರೆ ಗ್ರಂಥಿಯ ಬೆಳವಣಿಗೆ ನಿಲ್ಲಿಸುವುದಿಲ್ಲ. ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಡೆಯಿರಿ. ಹಿತ್ತಲಿನ ಬಚ್ಚಲಿಗೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೋಗುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಸೊಂಟದ ಮೂಳೆ ಮುರಿದರೆ ಪ್ರಾಸ್ಟೇಟಿಗಿಂತ ದೊಡ್ಡ ಕಷ್ಟ. ವೀರ್ಯ ಕಡಿಮೆ ಬರುವುದು ಅಥವಾ ಬಾರದೇ ಇರುವುದೂ ಉಂಟು. ಸಿಲೋಡೋಸಿನ್‌ನಲ್ಲಿ ಇದು ಜಾಸ್ತಿ, ಆದರೆ ಅದು ಬಿಪಿಯನ್ನು ಅಷ್ಟಾಗಿ ಇಳಿಸುವುದಿಲ್ಲ. ಹಾಗಾಗಿ ತಲೆ ಸುತ್ತುವ ವಯಸ್ಸಾದವರಿಗೆ ಸಿಲೋಡೋಸಿನ್, ಇನ್ನೂ ದಾಂಪತ್ಯದ ಚಿಂತೆ ಇರುವವರಿಗೆ ಬೇರೊಂದು. ಮಾತ್ರೆ ನಿಲ್ಲಿಸಿದರೆ ವೀರ್ಯದ ತೊಂದರೆ ಸರಿಹೋಗುತ್ತದೆ.

ಕಣ್ಣಿನ ಪೊರೆ ತೆಗೆಸುವ ಯೋಚನೆ ಇದ್ದರೆ ಈ ಮಾತ್ರೆ ನುಂಗುತ್ತಿರುವುದನ್ನು ಕಣ್ಣಿನ ಡಾಕ್ಟರಿಗೆ ತಪ್ಪದೆ ಹೇಳಬೇಕು. ಟ್ಯಾಮ್ಸುಲೋಸಿನ್ ನುಂಗಿದವರ ಕಣ್ಣಿನ ಪಾಪೆಯ ಪರದೆ ಆಪರೇಷನ್ ನಡುವೆ ಸಡಿಲವಾಗಿ ಓಲಾಡುತ್ತದೆ ಎಂದು 2005ರಲ್ಲಿ ಕಂಡುಹಿಡಿದರು. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ. ಮಾತ್ರೆ ನಿಲ್ಲಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಪೊರೆ ಆಪರೇಷನ್ ಹತ್ತಿರದಲ್ಲೇ ಇದ್ದರೆ, ಅದು ಮುಗಿದ ಮೇಲೆ ಈ ಮಾತ್ರೆ ಶುರು ಮಾಡಬಹುದೇ ಎಂದು ಕೇಳಿ.

ಕುಗ್ಗಿಸುವ ಮಾತ್ರೆಗೆ ತಾಳ್ಮೆ ಬೇಕು. ಗುಣ ಕಾಣಲು ಆರು ತಿಂಗಳು. ಗ್ರಂಥಿ 30–40 ಗ್ರಾಂ ದಾಟಿದವರಿಗೆ ಮಾತ್ರ ಪ್ರಯೋಜನ. ಕೆಲವರಿಗೆ ಆಸೆ, ಗಡಸುತನ ಕಡಿಮೆಯಾಗುತ್ತದೆ. ಬಸುರಿ ಹೆಂಗಸರು ಒಡೆದ ಮಾತ್ರೆಯನ್ನು ಮುಟ್ಟಬಾರದು. ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಲೇಬೇಕು. ಈ ಮಾತ್ರೆ ಆರು ತಿಂಗಳು ನುಂಗಿದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ರಿಪೋರ್ಟಿನಲ್ಲಿ 3 ಎಂದು ಬಂದರೆ ಅದನ್ನು 6 ಎಂದು ಓದಬೇಕು. ಹೊಸ ಡಾಕ್ಟರಿಗೆ ಮಾತ್ರೆಯ ವಿಷಯ ಹೇಳದಿದ್ದರೆ ಕ್ಯಾನ್ಸರಿನ ಸುಳಿವು ತಪ್ಪಿಹೋಗಬಹುದು.

ಎರಡೂ ಸೇರಿಸಿ ನುಂಗಬೇಕಾ? ಇದಕ್ಕೆ ಒಳ್ಳೆಯ ಸಂಶೋಧನೆ ಇದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಎಂಟಾಪ್ಸ್ ಅಧ್ಯಯನದಲ್ಲಿ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ನೋಡಿದರು. ಕಾಯಿಲೆ ಮುಂದುವರಿಯುವ ಅಪಾಯ ಸಡಿಲಿಸುವ ಮಾತ್ರೆಯಿಂದ 39%, ಕುಗ್ಗಿಸುವ ಮಾತ್ರೆಯಿಂದ 34%, ಎರಡೂ ಸೇರಿದಾಗ 66% ಕಡಿಮೆಯಾಯಿತು. ಸಡಿಲಿಸುವ ಮಾತ್ರೆ ಒಂದನ್ನೇ ನುಂಗಿದವರಲ್ಲಿ ಉಚ್ಚೆ ಕಟ್ಟುವುದು, ಆಪರೇಷನ್‌ಗೆ ಹೋಗುವುದು ದೀರ್ಘಕಾಲದಲ್ಲಿ ತಪ್ಪಲಿಲ್ಲ. ಮುಂದೆ 2010ರಲ್ಲಿ 4,844 ಗಂಡಸರ ನಾಲ್ಕು ವರ್ಷದ ಕಾಂಬ್ಯಾಟ್ ಅಧ್ಯಯನವೂ ಇದನ್ನೇ ಹೇಳಿತು. ಟ್ಯಾಮ್ಸುಲೋಸಿನ್ ಒಂದಕ್ಕೆ ಹೋಲಿಸಿದರೆ, ಡ್ಯುಟಾಸ್ಟರೈಡ್ ಜೊತೆ ಸೇರಿಸಿದಾಗ ಉಚ್ಚೆ ಕಟ್ಟುವ ಅಥವಾ ಆಪರೇಷನ್ ಬೇಕಾಗುವ ಅಪಾಯ ಮೂರನೇ ಎರಡು ಪಾಲು ತಗ್ಗಿತು. ಆದರೆ ಅಡ್ಡ ಪರಿಣಾಮಗಳೂ ಕೂಡಿಕೊಳ್ಳುತ್ತವೆ. ನನ್ನ ತೀರ್ಮಾನ ಇಷ್ಟು: ಗ್ರಂಥಿ ದೊಡ್ಡದು, ತೊಂದರೆ ಮಧ್ಯಮಕ್ಕಿಂತ ಮೇಲೆ, ಆಪರೇಷನ್ ಈಗ ಬೇಡ ಅನ್ನುವವರಿಗೆ ಜೋಡಿ ಮಾತ್ರೆ ಸರಿ. ಗ್ರಂಥಿ ಸಣ್ಣದಿದ್ದರೆ ಸಡಿಲಿಸುವ ಮಾತ್ರೆ ಒಂದೇ ಸಾಕು.

ಗಡಸುತನದ ತೊಂದರೆಯೂ ಇದ್ದರೆ ದಿನಕ್ಕೆ 5 ಮಿ.ಗ್ರಾಂ ಟಡಾಲಾಫಿಲ್ ಎರಡಕ್ಕೂ ಆಗಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಪ್ರಾಣಕ್ಕೇ ಕುತ್ತು.

ಕೆರೆಯ ಮಾತ್ರೆಗಳು

ಅವಸರ, ತಡೆಯಲಾಗದಿರುವುದು ಮುಂದಿದ್ದರೆ ಮೂತ್ರಕೋಶವನ್ನು ಸುಮ್ಮನಾಗಿಸುವ ಮಾತ್ರೆ ಬೇಕು. ಹಳೆಯ ಗುಂಪಿನಲ್ಲಿ ಆಕ್ಸಿಬ್ಯುಟಿನಿನ್, ಟಾಲ್ಟರೊಡಿನ್, ಸಾಲಿಫೆನಾಸಿನ್ ಇವೆ. ಇವು ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ. 2019ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಮರೆವಿನ ಕಾಯಿಲೆ ಬಂದ 58,000ಕ್ಕೂ ಹೆಚ್ಚು ಜನರ ಹಳೆಯ ಔಷಧಿ ಚೀಟಿಗಳನ್ನು ತೆಗೆದು ನೋಡಿತು. ಇಂಥ ಮಾತ್ರೆ ವರ್ಷಗಟ್ಟಲೆ ನುಂಗಿದವರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಂಡಿತು. ಮಾತ್ರೆಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಎಪ್ಪತ್ತು ದಾಟಿದವರಿಗೆ ನನ್ನ ಮನಸ್ಸು ಹೊಸ ಗುಂಪಿನ ಕಡೆಗೇ ವಾಲುತ್ತದೆ. ಅದರಲ್ಲಿ ಮಿರಾಬೆಗ್ರಾನ್ ಅಮೆರಿಕದಲ್ಲಿ 2012ರಲ್ಲಿ ಬಂತು. ಬಾಯಿ ಅಷ್ಟು ಒಣಗುವುದಿಲ್ಲ, ತಲೆಗೆ ಮಂಕು ಕವಿಯುವುದಿಲ್ಲ. ಬಿಪಿ ಏರಬಹುದು. ಬಿಪಿ 180/110ರ ಮೇಲಿದ್ದು ಹತೋಟಿಗೆ ಬಾರದವರಿಗೆ ಕೊಡುವುದಿಲ್ಲ. ಅದೇ ಜಾತಿಯ ವೈಬೆಗ್ರಾನ್‌ಗೆ, ಪ್ರಾಸ್ಟೇಟ್ ಮಾತ್ರೆ ನುಂಗುತ್ತಿದ್ದರೂ ಅವಸರ ಉಳಿದಿರುವ ಗಂಡಸರಿಗೆ ಕೊಡಬಹುದು ಎಂದು ಅಮೆರಿಕದ ಔಷಧಿ ಇಲಾಖೆ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕೆರೆ ಮತ್ತು ತೂಬು ಎರಡನ್ನೂ ಒಟ್ಟಿಗೆ ನೋಡಬೇಕು ಎಂಬ ಮಾತು ಈಗ ಸಂಶೋಧನೆಯಲ್ಲೂ ಗಟ್ಟಿಯಾಗುತ್ತಿದೆ. ಇವುಗಳನ್ನು ಶುರು ಮಾಡುವ ಮೊದಲು ಒಳಗೆ ಉಳಿಯುವ ಉಚ್ಚೆ ಎಷ್ಟೆಂದು ನೋಡಲೇಬೇಕು. ಜಾಸ್ತಿ ಉಳಿಯುವವರಿಗೆ ಹಳೆಯ ಗುಂಪಿನ ಮಾತ್ರೆ ಕೊಟ್ಟರೆ ಪೂರ್ತಿ ಕಟ್ಟಿಬಿಡಬಹುದು.

ಆಪರೇಷನ್‌ಗಳ ನಡುವೆ

ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ಉಚ್ಚೆ ಮತ್ತೆ ಮತ್ತೆ ಕಟ್ಟುವುದು, ಕಿಡ್ನಿಗೆ ಪೆಟ್ಟು, ಮೂತ್ರಕೋಶದಲ್ಲಿ ಕಲ್ಲು, ಪದೇ ಪದೇ ಸೋಂಕು, ಗ್ರಂಥಿಯಿಂದ ನಿಲ್ಲದ ರಕ್ತ. ಇವಿದ್ದರೆ ಮಾತ್ರೆಯಲ್ಲಿ ಕಾಲ ಕಳೆಯಬಾರದು. ಉಳಿದವರು ತಮ್ಮ ಬೇಜಾರು ಎಷ್ಟು ಎಂಬುದರ ಮೇಲೆ ನಿರ್ಧರಿಸಬಹುದು.

ಟಿಯುಆರ್‌ಪಿ ಹಳೆಯ, ನಂಬಿಕಸ್ತ ವಿಧಾನ. ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರನಾಳದ ಮೂಲಕ ದುರ್ಬೀನು ಹಾಕಿ, ಅಡ್ಡ ಬಂದ ಗ್ರಂಥಿಯನ್ನು ಕರೆಂಟಿನ ತಂತಿಯಿಂದ ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ. 30ರಿಂದ 80 ಗ್ರಾಂ ಗ್ರಂಥಿಗೆ ಸರಿಹೊಂದುತ್ತದೆ. ಎರಡು ಮೂರು ದಿನ ಆಸ್ಪತ್ರೆ. ಈಗ ಬೈಪೋಲಾರ್ ಎಂಬ ವಿಧಾನ ಬಂದು ಸಲೈನ್ ನೀರಿನಲ್ಲೇ ಮಾಡುತ್ತಾರೆ. ಹಿಂದೆ ತೊಳೆಯುವ ನೀರು ರಕ್ತಕ್ಕೆ ಸೇರಿ ಸೋಡಿಯಂ ಇಳಿದು ರೋಗಿ ಗೊಂದಲಕ್ಕೆ ಬೀಳುತ್ತಿದ್ದ ಅಪಾಯ ಇದರಿಂದ ತುಂಬಾ ಕಡಿಮೆಯಾಗಿದೆ. ಯಾವ ಬಗೆಯದು ಮಾಡುತ್ತೀರಿ ಎಂದು ಕೇಳಿ.

ಹೋಲೆಪ್ ಎಂದರೆ ಹೋಲ್ಮಿಯಂ ಲೇಸರ್. 1990ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಬೆಳೆದ ವಿಧಾನ. ಕಿತ್ತಳೆ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದ ಹಾಗೆ ಬೆಳೆದ ಭಾಗವನ್ನು ಇಡಿಯಾಗಿ ಬಿಡಿಸುತ್ತಾರೆ. ಗ್ರಂಥಿ 80 ಇರಲಿ, 150 ಇರಲಿ, ಗಾತ್ರದ ಮಿತಿ ಇಲ್ಲ. ರಕ್ತ ಕಡಿಮೆ ಹೋಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಬಿಡಲಾಗದ ಹೃದಯ ರೋಗಿಗಳಿಗೆ ಇದು ದೊಡ್ಡ ಅನುಕೂಲ. ಉಚ್ಚೆ ಹೋಗಲು ಹಾಕಿದ ಪೈಪು ಬೇಗ ತೆಗೆಯುತ್ತಾರೆ. ಮತ್ತೆ ಬೆಳೆದು ತೊಂದರೆ ಕೊಡುವುದು ಬಹಳ ಕಡಿಮೆ. ಆದರೆ ಮೊದಲ ಕೆಲವು ವಾರ, ಕೆಲವರಿಗೆ ತಿಂಗಳುಗಳು, ಕೆಮ್ಮಿದರೆ ಸೀನಿದರೆ ಉಚ್ಚೆ ಜಿನುಗಬಹುದು. ಕಲಿಯಲು ಕಷ್ಟದ ಕೈಕೆಲಸ ಇದು. "ಇದುವರೆಗೆ ಎಷ್ಟು ಮಾಡಿದ್ದೀರಿ ಡಾಕ್ಟ್ರೇ?" ಎಂದು ಕೇಳಲು ಹಿಂಜರಿಯಬೇಡಿ. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಲೇಸರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ 410 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅನ್‌ಬ್ಲಾಕ್ಸ್ ಅಧ್ಯಯನದಲ್ಲಿ, ಥೂಲಿಯಂ ಲೇಸರಿನಿಂದ ಕೆರೆದು ಆವಿ ಮಾಡುವ ವಿಧಾನವನ್ನು ಟಿಯುಆರ್‌ಪಿ ಜೊತೆ ಹೋಲಿಸಿದರು. ವರ್ಷದ ಕೊನೆಗೆ ರೋಗಿಗಳಿಗೆ ಆದ ಆರಾಮ ಎರಡರಲ್ಲೂ ಒಂದೇ. ಧಾರೆಯ ವೇಗ ಟಿಯುಆರ್‌ಪಿಯಲ್ಲೇ ಸ್ವಲ್ಪ ಹೆಚ್ಚು. 50 ಗ್ರಾಂ ಗ್ರಂಥಿಗೆ, ಹತ್ತಿರದಲ್ಲೇ ಕೈ ಪಳಗಿದವರು ಟಿಯುಆರ್‌ಪಿ ಮಾಡುವಾಗ, ಲೇಸರ್ ಎಂಬ ಹೆಸರಿಗಾಗಿ ಸಾಲ ಮಾಡಬೇಡಿ. 100 ಗ್ರಾಂ ಗ್ರಂಥಿಗಾದರೆ ಹೋಲೆಪ್ ಹುಡುಕಿಕೊಂಡು ದೂರ ಹೋದರೂ ಸರಿ.

ಟಿಯುಆರ್‌ಪಿ, ಹೋಲೆಪ್ ಎರಡರಲ್ಲೂ ಒಂದು ನಷ್ಟ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಂಭೋಗದ ಕೊನೆಯಲ್ಲಿ ವೀರ್ಯ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಟಿಯುಆರ್‌ಪಿ ಆದ ಹತ್ತರಲ್ಲಿ ಆರೇಳು ಜನರಿಗೆ ಹೀಗಾಗುತ್ತದೆ. ಹೋಲೆಪ್‌ನಲ್ಲಿ ಇನ್ನೂ ಜಾಸ್ತಿ. ಆರೋಗ್ಯಕ್ಕೆ ತೊಂದರೆ ಇಲ್ಲ, ಗಡಸುತನ ಸಾಮಾನ್ಯವಾಗಿ ಉಳಿಯುತ್ತದೆ, ಸುಖವೂ ಉಳಿಯುತ್ತದೆ. ಆದರೆ ಮೊದಲೇ ತಿಳಿಸದಿದ್ದರೆ ಗಂಡಸು ಒಳಗೇ ಕುಸಿಯುತ್ತಾನೆ. ಮಗು ಬೇಕೆನ್ನುವವರಿಗಂತೂ ಇದು ದೊಡ್ಡ ಮಾತು.

ವೀರ್ಯ ಹೊರಬರುವುದನ್ನು ಉಳಿಸಿಕೊಳ್ಳಬೇಕು ಅನ್ನುವವರಿಗಾಗಿಯೇ ಸಣ್ಣ ಚಿಕಿತ್ಸೆಗಳು ಬಂದಿವೆ. ಯುರೋಲಿಫ್ಟ್‌ನಲ್ಲಿ ಗ್ರಂಥಿಯನ್ನು ಪರದೆ ಸರಿಸಿ ಕಟ್ಟಿದ ಹಾಗೆ ಸಣ್ಣ ಕೊಂಡಿಗಳಿಂದ ಅಕ್ಕಪಕ್ಕಕ್ಕೆ ಎಳೆದು ಕಟ್ಟುತ್ತಾರೆ. ರೆಜೂಮ್‌ನಲ್ಲಿ ಸೂಜಿಯ ಮೂಲಕ ಒಂಬತ್ತು ಸೆಕೆಂಡು ಹಬೆ ಹಾಯಿಸುತ್ತಾರೆ. ಆ ಭಾಗ ನಿಧಾನವಾಗಿ ಕರಗುತ್ತದೆ. ಬೆಂಗಳೂರಿನ ನೆಂಟರು ಹೇಳಿದ್ದು ಇದನ್ನೇ. ಅರ್ಧ ದಿನದಲ್ಲಿ ಮನೆಗೆ ಬರುವುದು ನಿಜ. ಆದರೆ ಪೈಪು ಕೆಲವು ದಿನ ಜೊತೆಗೇ ಬರುತ್ತದೆ. ಮೊದಲ ವಾರಗಳಲ್ಲಿ ಉರಿ, ಅವಸರ ಹೆಚ್ಚುತ್ತದೆ. ಪೂರ್ತಿ ಗುಣಕ್ಕೆ ಮೂರು ತಿಂಗಳು. ಐದು ವರ್ಷದ ಅಧ್ಯಯನಗಳಲ್ಲಿ ಮತ್ತೆ ಆಪರೇಷನ್ ಬೇಕಾದವರು ಯುರೋಲಿಫ್ಟ್‌ನಲ್ಲಿ 13.6%, ರೆಜೂಮ್‌ನಲ್ಲಿ 4.4%. ಇವು ಬೇರೆ ಬೇರೆ ಜನರ ಮೇಲೆ ನಡೆದ ಅಧ್ಯಯನಗಳು, ಪಕ್ಕಪಕ್ಕ ಇಟ್ಟು ತೂಗುವಾಗ ಇದು ನೆನಪಿರಲಿ. ಎರಡರಲ್ಲೂ ಧಾರೆ ಟಿಯುಆರ್‌ಪಿಯಷ್ಟು ಜೋರಾಗುವುದಿಲ್ಲ. 52ರ ವಯಸ್ಸಿನ, 45 ಗ್ರಾಂ ಗ್ರಂಥಿಯ ಮನುಷ್ಯನಿಗೆ ಇದು ಒಳ್ಳೆಯ ಆಯ್ಕೆ ಆಗಬಹುದು. ಉಚ್ಚೆ ಕಟ್ಟಿ ಪೈಪು ಹಾಕಿಸಿಕೊಂಡು ಬಂದ 78ರ ಅಜ್ಜನಿಗೆ ನಾನು ಹೇಳುವುದಿಲ್ಲ.

ಕೈಯ ಅಥವಾ ತೊಡೆಯ ರಕ್ತನಾಳದಿಂದ ಹೋಗಿ ಗ್ರಂಥಿಗೆ ರಕ್ತ ಹೋಗುವ ದಾರಿ ಮುಚ್ಚುವ ಚಿಕಿತ್ಸೆಯೂ ಇದೆ. ಗುಣ ಟಿಯುಆರ್‌ಪಿಗಿಂತ ಕಡಿಮೆ. ಅರಿವಳಿಕೆ ತಡೆಯಲಾಗದಷ್ಟು ಕಾಯಿಲೆ ಇರುವವರಿಗೆ ಯೋಚಿಸಬಹುದು.

ಪಿಎಸ್‌ಎ ಏರಿದರೆ

ಪಿಎಸ್‌ಎ 4ರ ಮೇಲೆ ಬಂದ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಗ್ರಂಥಿ ದೊಡ್ಡದಿದ್ದರೆ, ಸೋಂಕಿದ್ದರೆ, ಪೈಪು ಹಾಕಿದ್ದರೂ ಅದು ಏರುತ್ತದೆ. ಸೋಂಕು ವಾಸಿಯಾದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಆಗಲೂ ಏರಿದ್ದರೆ ಮೊದಲು ಎಂಆರ್‌ಐ, ಆಮೇಲೆ ಬೇಕಿದ್ದರೆ ಬಯಾಪ್ಸಿ, ಅಂದರೆ ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆದು ನೋಡುವುದು. 2018ರಲ್ಲಿ 500 ಗಂಡಸರ ಪ್ರಿಸಿಷನ್ ಅಧ್ಯಯನ ಈ ಕ್ರಮವೇ ಮೇಲು ಎಂದು ತೋರಿಸಿತು. ಅಪಾಯದ ಕ್ಯಾನ್ಸರ್ ಹೆಚ್ಚು ಸಿಕ್ಕಿತು, ಸುಮ್ಮಸುಮ್ಮನೆ ಚುಚ್ಚುವುದು ತಗ್ಗಿತು.

ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಎಂದರೂ ನಾಳೆಯೇ ಆಪರೇಷನ್ ಎಂದಲ್ಲ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ನಿಗಾ, ಆಪರೇಷನ್, ರೇಡಿಯೇಷನ್ ಎಂದು ಮೂರು ಗುಂಪು ಮಾಡಿ ಸುಮಾರು 15 ವರ್ಷ ನೋಡಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಮೂರೂ ಗುಂಪು ಸೇರಿ 2.7%. ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಅವರಲ್ಲಿ ಹೆಚ್ಚಿನವರದ್ದು ಕಡಿಮೆ ಅಪಾಯದ ಕ್ಯಾನ್ಸರ್ ಎಂಬುದನ್ನು ಮರೆಯಬಾರದು. ಯೋಚಿಸಲು ಕೆಲವು ವಾರ ಸಮಯ ಇರುತ್ತದೆ ಎಂಬುದಷ್ಟು ಗಟ್ಟಿ.

ಕಾಯಬಾರದ ಹೊತ್ತು

ಉಚ್ಚೆ ಒಂದು ಹನಿಯೂ ಬಾರದೆ ಕೆಳಹೊಟ್ಟೆ ಉಬ್ಬಿ ನೋಯುತ್ತಿದ್ದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ ಪೈಪು ಹಾಕಿಸಿ. ಘಾಟಿ ಇಳಿದು ಮಂಗಳೂರಿಗೆ ಹೋಗೋಣ ಎಂದು ಕಾಯಬೇಡಿ. ಪೈಪು ಹಾಕುವುದು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಚಳಿಜ್ವರದ ಜೊತೆ ಉಚ್ಚೆ ಉರಿ ಬಂದರೂ ಹಾಗೆಯೇ. ನೋವಿಲ್ಲದೆ ಉಚ್ಚೆಯಲ್ಲಿ ರಕ್ತ ಒಂದೇ ಸಲ ಕಂಡರೂ ತೋರಿಸಬೇಕು, ಅದರಲ್ಲೂ ಬೀಡಿ ಸಿಗರೇಟು ಸೇದುವವರು. ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ. ಇನ್ನೊಂದು ಮೋಸದ ಲಕ್ಷಣ ಇದೆ. ನೋವೇ ಇಲ್ಲದೆ, ವಯಸ್ಸಾದ ಗಂಡಸು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದರೆ, ಕೆರೆ ತುಂಬಿ ಕೋಡಿ ಬೀಳುತ್ತಿರಬಹುದು. ಒಳಗೊಳಗೇ ಕಿಡ್ನಿ ಹಾಳಾಗುತ್ತಿರುತ್ತದೆ. ಸೊಸೆಯಂದಿರು ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಿ.

ನಮ್ಮ ಊರಿನ ಲೆಕ್ಕ

ಮೊದಲ ಪರೀಕ್ಷೆಗಳಿಗೆ ದೂರ ಹೋಗಬೇಕಾಗಿಲ್ಲ. ರಕ್ತ, ಮೂತ್ರ, ಸ್ಕ್ಯಾನಿಂಗ್ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಆಗುತ್ತದೆ. ಸರ್ಕಾರಿ ಲೆಕ್ಕದಲ್ಲಿ ದೊಡ್ಡ ಜಾಗ ಬೇಕೆಂದರೆ ಬೆಂಗಳೂರಿನಲ್ಲಿ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ನೋಡಿ. ನಿಮಗೆ ಹೇಳಿದ ವಿಧಾನ ಯೋಜನೆಯ ಪಟ್ಟಿಯಲ್ಲಿದೆಯೇ, ಮುಂಚೆ ರೆಫರಲ್ ಚೀಟಿ ಬೇಕೇ ಎಂದು ಸೇರುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಮಾತ್ರೆ ವರ್ಷಗಟ್ಟಲೆ ಬೇಕಾಗುವುದರಿಂದ ಜನೌಷಧಿ ಕೇಂದ್ರದಲ್ಲಿ ಕೊಂಡರೆ ಖರ್ಚು ಬಹಳ ಇಳಿಯುತ್ತದೆ.

ಕಾಲವನ್ನೂ ನೋಡಿ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ಬೈಕು, ತೋಟದ ದಾರಿಯ ಜೀಪು ಬೇಡ. ಹತ್ತು ಹದಿನಾಲ್ಕು ದಿನಕ್ಕೆ ಒಳಗಿನ ಹಕ್ಕಳೆ ಬಿದ್ದು ಮತ್ತೆ ರಕ್ತ ಕಾಣಬಹುದು. ಆಗ ಆಸ್ಪತ್ರೆ ಕೈಗೆಟುಕಬೇಕು. ಜುಲೈ ಆಗಸ್ಟಿನಲ್ಲಿ ಶಿರಾಡಿ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯೇ ಬಂದ್. ಅವಸರ ಇಲ್ಲದ ಆಪರೇಷನ್ ಆದರೆ ಕಾಫಿ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಇಟ್ಟುಕೊಳ್ಳಿ.

ಅಣ್ಣನ ಗ್ರಂಥಿ 62 ಗ್ರಾಂ ಇತ್ತು. ಅಂಕ 17. ಉಳಿಯುವ ಉಚ್ಚೆ 90 ಮಿ.ಲೀ., ಪಿಎಸ್‌ಎ 2.8, ಕಿಡ್ನಿ ಸರಿ. "ನಿನಗೆ ಏನು ಬೇಕು?" ಎಂದು ಕೇಳಿದೆ. "ರಾತ್ರಿ ನಿದ್ದೆ ಬೇಕು, ಕುಯ್ಲು ಮುಗಿಯೋವರೆಗೆ ಮಲಗೋ ಹಾಗಿಲ್ಲ" ಅಂದ. ಡಾಕ್ಟರ್ ಜೊತೆ ಮಾತಾಡಿ ಜೋಡಿ ಮಾತ್ರೆ ಶುರು ಮಾಡಿದೆವು. ಸಂಜೆಯ ಕಾಫಿ ನಿಂತಿತು. ಈಗ ರಾತ್ರಿ ಎರಡು ಸಲ ಏಳುತ್ತಾನೆ. ಆರು ತಿಂಗಳ ಪಿಎಸ್‌ಎ 1.5 ಬಂದಿದೆ. ರಿಪೋರ್ಟಿನ ಪಕ್ಕದಲ್ಲಿ ಪೆನ್ನಿನಲ್ಲಿ 3 ಎಂದು ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಅವನ ಬಲಗಣ್ಣಿನ ಪೊರೆ ತೆಗೆಯುತ್ತಾರೆ. ಟ್ಯಾಮ್ಸುಲೋಸಿನ್ ಚೀಟಿಯನ್ನು ಕಣ್ಣಿನ ಡಾಕ್ಟರಿಗೆ ಹೋದ ವಾರವೇ ತೋರಿಸಿ ಬಂದಿದ್ದೇವೆ.